ಮುಖ ನೋಡಿ ಹಾಕಿದ ಸಹಿ

ಕೋಲ್ಕತಾದ ಅಲಿಪುರ ಕೋರ್ಟಿನ ಗೇಟಿನೊಳಗೆ ಕಾಲಿಡಲು ಅವರು ಒಪ್ಪಲೇ ಇಲ್ಲ. "ನನ್ನ ಟೇಬಲ್ ಇಲ್ಲೇ ಇದೆ ಕಾಕಾ, ಫ್ಯಾನಿನ ಕೆಳಗೆ ಕೂತು ಮಾತಾಡೋಣ ಬನ್ನಿ" ಅಂದೆ. ಅವರು ಗೇಟಿನ ಎದುರಿನ ಚಹಾದಂಗಡಿಯ ಬೆಂಚು ತೋರಿಸಿದರು. "ಇಲ್ಲೇ ಛಲೋ ಅದ, ತಂಗಿ. ಸನ್ನದು ಇಲ್ಲದಾವ ವಕೀಲರ ಸಾಲಿನಾಗ ಕೂತ್ರ ನೋಡಿದವ್ರು ಏನರ ತಿಳ್ಕೋತಾರ." ಹೀಗಾಗಿ ನನ್ನ ವೃತ್ತಿಯ ಅತ್ಯಂತ ಕಷ್ಟದ ಅರ್ಜಿಯನ್ನು ನಾನು ಬರೆದದ್ದು ಬೀದಿ ಬದಿಯ ಬೆಂಚಿನ ಮೇಲೆ, ಮಣ್ಣಿನ ಕುಡಿಕೆಯ ಚಹಾ ಫೈಲಿನ ಮೇಲೆ ಚೆಲ್ಲದಂತೆ ಕಾಯುತ್ತ.

ಕೆಲಸ ಇಷ್ಟು: ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಕಳೆದುಕೊಂಡು ವಕೀಲರ ಪಟ್ಟಿಯಿಂದ ಹೊರಬಿದ್ದ ಒಬ್ಬರನ್ನು ಮತ್ತೆ ಆ ಪಟ್ಟಿಗೆ ಸೇರಿಸಬೇಕು. ಹೇಳುವಷ್ಟು ಸುಲಭವಲ್ಲ. ನನ್ನ ಗಂಡ ಆಗ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ಊರಿಗೆ ಊರೇ ಅಲ್ಲಿನ ಸೆಕ್ಟರ್ ಫೈವ್ ಎಂಬ ಐಟಿ ಬಡಾವಣೆಯ ಕಡೆ ಮುಖ ಮಾಡಿದ್ದ ಕಾಲ. "ಅದೇನು ಮಹಾ? ನಮ್ಮಲ್ಲಿ ಪಾಸ್‌ವರ್ಡ್ ಮರೆತರೆ ಹೊಸದು ಕೊಡಲ್ವಾ?" ಅಂತ ಅವರು ನಕ್ಕರು. "ನಿಮ್ಮ ಪಾಸ್‌ವರ್ಡ್ ಹೋದರೆ ನಿಮಗೊಬ್ಬರಿಗೇ ಗೊತ್ತು, ಸನ್ನದು ಹೋದರೆ ಊರಿಗೆಲ್ಲ ಗೊತ್ತು" ಅಂತ ನಾನು ಬಾಯಿ ಮುಚ್ಚಿಸಿದೆ.

ಕಾಕಾರ ಮನೆತನ ಧಾರವಾಡದ ಕಡೆಯದು. ತಂದೆ ಗಾರ್ಡನ್ ರೀಚಿನ ರೈಲ್ವೆ ಕಚೇರಿಯಲ್ಲಿದ್ದರಂತೆ, ಇವರು ಹುಟ್ಟಿದ್ದು ಅಲ್ಲಿನ ಕ್ವಾರ್ಟರ್ಸಿನಲ್ಲೇ. ಬಂಗಾಳಿ ಮಾತಾಡಿದರೆ ಬಂಗಾಳಿಗಳೇ ಊರು ಕೇಳುತ್ತಿರಲಿಲ್ಲ, ಕನ್ನಡ ಮಾತ್ರ ಅಜ್ಜಿಯಿಂದ ಬಂದ ಹಾಗೆಯೇ ಉಳಿದಿತ್ತು. ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ನನ್ನ ಅಪ್ಪನಿಗೆ ಅವರು ಪರಿಚಿತರು, ಯುಗಾದಿ ಊಟದ ಪಂಕ್ತಿಯಲ್ಲಿ ನಾನು ಅವರನ್ನು ಕಾಕಾ ಎಂದು ಕರೆಯಲು ಕಲಿತೆ. ನಾನು ಕಾನೂನು ಓದುವಾಗ ಆಸ್ತಿ ವ್ಯಾಜ್ಯಗಳಲ್ಲಿ ಅಲಿಪುರದಲ್ಲಿ ಅವರದು ದೊಡ್ಡ ಹೆಸರು. ಪಾಟೀಸವಾಲಿಗೆ ನಿಂತರೆ ಹೊರಗಿನ ವರಾಂಡದಿಂದ ಜನ ಒಳಗೆ ಬಂದು ಕೇಳುತ್ತಿದ್ದರು.

ಅಂಥವರು ಬಿದ್ದದ್ದು ಒಂದೇ ಸಹಿಯಿಂದ. ಅಫಿಡವಿಟ್ ಇರಲಿ, ಇನ್ನೊಬ್ಬರಿಗೆ ಅಧಿಕಾರ ಕೊಡುವ ಮುಖ್ತ್ಯಾರ್ ಪತ್ರ ಇರಲಿ, ಸಹಿ ಹಾಕುವವರು ಇವರೇ ಹೌದೆಂದು ಒಬ್ಬ ವಕೀಲ ಗುರುತಿಸಬೇಕು. "ಈ ವ್ಯಕ್ತಿಯನ್ನು ನಾನು ಬಲ್ಲೆ" ಎಂಬ ಸಾಲಿನ ಕೆಳಗೆ ವಕೀಲನ ಸಹಿ. ನಡೆಯುವುದೇ ಬೇರೆ. ಬೆಳಿಗ್ಗೆ ಮುಹುರಿ, ಅಂದರೆ ನಮ್ಮ ಗುಮಾಸ್ತ, ಕಾಗದಗಳ ಕಟ್ಟು ತಂದು ಒಂದೊಂದೇ ಮೂಲೆ ಮಡಚಿ ಹಿಡಿಯುತ್ತಾನೆ. ನಾವು ಇನ್ನೊಂದು ಕೇಸಿನ ಬಗ್ಗೆ ಮಾತಾಡುತ್ತಲೇ ಸಹಿ ಹಾಕುತ್ತ ಹೋಗುತ್ತೇವೆ. ಬಲ್ಲೆ, ಬಲ್ಲೆ, ಬಲ್ಲೆ. ಒಬ್ಬರ ಗುರುತೂ ಇರುವುದಿಲ್ಲ.

ಒಂದು ದಿನ ಹಾಗೆ ಬಂದ ಕಟ್ಟಿನಲ್ಲಿ ಡಮ್ ಡಮ್‌ನ ಒಬ್ಬ ವಿಧವೆಯ ಮುಖ್ತ್ಯಾರ್ ಪತ್ರವಿತ್ತು. ಆಕೆಯ ಸಂಬಂಧಿಯೊಬ್ಬ ಬೇರೆ ಯಾವಳೋ ಹೆಂಗಸಿಗೆ ಸೆರಗು ಹೊದಿಸಿ ಕರೆತಂದಿದ್ದ. ಕಾಕಾ ತಲೆ ಎತ್ತದೆ ಸಹಿ ಹಾಕಿದರು. ಆ ಕಾಗದದ ಬಲದಿಂದ ನಿಜವಾದ ವಿಧವೆಯ ಮನೆ ಮಾರಾಟವಾಯಿತು, ಆಕೆ ಮಂಚ ಪಾತ್ರೆಗಳ ಸಮೇತ ಬೀದಿಗೆ ಬಂದಳು. ಮನೆ ವಾಪಸ್ ಸಿಗುವವರೆಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆದಳು. ವಂಚನೆಯಲ್ಲಿ ಕಾಕಾ ಪಾಲುದಾರರಲ್ಲ ಎಂದು ವಿಚಾರಣೆಯಲ್ಲಿ ಸ್ಪಷ್ಟವಾದರೂ, ಕಾಣದವಳನ್ನು ಬಲ್ಲೆ ಎಂದದ್ದಕ್ಕೆ ವಕೀಲರ ಪರಿಷತ್ತು ಅವರ ಹೆಸರನ್ನು ಪಟ್ಟಿಯಿಂದ ತೆಗೆಯಿತು. ಮೇಲ್ಮನವಿ ಹಾಕಿ ಎಂದು ಎಲ್ಲರೂ ಹೇಳಿದರು. ಅವರು ಕೋಟು, ಬಿಳಿ ಪಟ್ಟಿ ಕಳಚಿಟ್ಟು ಮನೆಗೆ ಹೋದರು.

ಆಮೇಲಿನ ವರ್ಷಗಳಲ್ಲಿ ಹೊಟ್ಟೆಪಾಡಿಗೆ ಕಾಲ್ ಸೆಂಟರಿಗೆ ಹುಡುಗರನ್ನು ತಯಾರು ಮಾಡುವ ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ಕಲಿಸಿದರು. ಅಮೆರಿಕದ ವಕೀಲರ ಕಾಗದಪತ್ರ ಓದಿಕೊಡುವ ಕಂಪನಿಯೊಂದು ಸೆಕ್ಟರ್ ಫೈವ್‌ನಲ್ಲಿ ತೆರೆದಾಗ ಇವರನ್ನು ಕಾರು ಕಳಿಸಿ ಕರೆಸಿಕೊಂಡಿತ್ತು. ಇವರು ಹೋಗಿ, ಚಹಾ ಕುಡಿದು, ಆಗುವುದಿಲ್ಲ ಎಂದು ಬಂದರು. ಕಾನೂನಿನ ಕೆಲಸ ಹಿಂಬಾಗಿಲಿನಿಂದ ಮಾಡುವುದು ಬೇಡ ಎನ್ನುವುದು ಅವರ ಹಟ. ಈಗ ಮುಂಬಾಗಿಲು ತಟ್ಟಲು ನನ್ನ ಬಳಿ ಬಂದಿದ್ದರು.

ಮೊದಲ ಕರಡನ್ನು ನಾನು ಬಹಳ ಹೆಮ್ಮೆಯಿಂದ ಬರೆದೆ. ಕೆಲಸದ ಒತ್ತಡ, ಮುಹುರಿಯ ಅಜಾಗರೂಕತೆ, ಕೋರ್ಟಿನಲ್ಲಿ ಬೇರೂರಿದ ರೂಢಿ, ಒಂದನ್ನೂ ಬಿಡಲಿಲ್ಲ. ಕಾಕಾ ಚಹಾ ಮುಗಿಸುವಷ್ಟರಲ್ಲಿ ಓದಿ, ನನ್ನ ಪೆನ್ನು ಕೇಳಿ, ಆ ಪುಟ ಪೂರ್ತಿ ಅಡ್ಡಗೆರೆ ಎಳೆದರು.

"ಹಿಂಗ ಬರೀಬ್ಯಾಡ. ಮುಹುರಿ ತಂದ ಖರೆ, ಸಹಿ ಮಾಡಿದಾಂವ ನಾನು."

"ಕಾಕಾ, ಎಲ್ಲರ ಮನೆ ದೋಸೆನೂ ತೂತೇ. ಈ ಕೋರ್ಟಲ್ಲಿ ಹಾಗೆ ಸಹಿ ಹಾಕದೆ ಇರೋರು ಯಾರಿದಾರೆ ಹೇಳಿ?"

"ಎಲ್ಲಾರ ದೋಸಿನೂ ತೂತ ಇರಬಹುದು. ನನ್ನ ದೋಸಿ ತೂತಿನಾಗ ಒಬ್ಬಾಕಿ ಮನಿ ಬಿದ್ದು ಹೋತಲ್ಲ?"

ವಾದದಲ್ಲಿ ನನ್ನನ್ನು ಸೋಲಿಸುವವರು ಕಡಿಮೆ. ಅವತ್ತು ಸುಮ್ಮನೆ ಹೊಸ ಹಾಳೆ ತೆಗೆದೆ. ಹೊಸ ಕರಡಿನಲ್ಲಿ ನೆಪಗಳಿರಲಿಲ್ಲ. "ನಾನು ನೋಡಲಿಲ್ಲ, ನೋಡಿದ್ದೇನೆ ಎಂದು ಬರೆದೆ, ಅದರಿಂದ ಇಂಥವರಿಗೆ ಇಂಥ ಹಾನಿಯಾಯಿತು." ಅಷ್ಟೇ. ನಾನು ಬರೆದ ಅರ್ಜಿಗಳಲ್ಲೆಲ್ಲ ಅದೇ ಚಿಕ್ಕದು, ಮತ್ತು ಒಂದು ಪದವನ್ನೂ ಕಡಿಮೆ ಮಾಡಲಾಗದ್ದು.

ಅರ್ಜಿಯ ಜೊತೆ ನಡತೆಯ ಬಗ್ಗೆ ಇಬ್ಬರು ವಕೀಲರ ಪ್ರಮಾಣಪತ್ರ ಬೇಕು. ಒಂದು ಸಿಕ್ಕಿತು. ಇನ್ನೊಂದಕ್ಕೆ ನಾನು ನಮ್ಮ ಕೋರ್ಟಿನ ಅತ್ಯಂತ ಹಿರಿಯ ವಕೀಲರನ್ನು ಕೇಳಿದೆ. "ಅಯ್ಯೋ, ಅವನಿಗಾ? ಟೈಪ್ ಮಾಡಿಸಿ ತಾ, ಸಹಿ ಹಾಕಿ ಬಿಸಾಕ್ತೀನಿ" ಅಂದರು. ನಾನು ಕುಣಿದುಕೊಂಡು ಬೆಂಚಿಗೆ ಹೋದೆ. ಕಾಕಾ ಮುಖ ಸಣ್ಣದು ಮಾಡಿದರು.

"ಅವ್ರು ನನ್ನ ನೋಡಿ ಎಷ್ಟು ವರ್ಷ ಆತು? ಈಗ ನಾ ಹೆಂಗಿದ್ದೀನಿ ಅಂತ ಅವ್ರಿಗೇನು ಗೊತ್ತು? ನೋಡಲಾರದ ಸಹಿ ಹಾಕಿಸ್ಕೊಂಡು, ನೋಡಲಾರದ ಸಹಿ ಹಾಕಿದ ತಪ್ಪು ತೊಳ್ಕೋಬೇಕೇನು?"

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ. ಅವರು ತಾವಾಗಿಯೇ ಆ ಹಿರಿಯರ ಮನೆಗೆ ಹೋಗಿ, ಹಲವು ಸಂಜೆ ಕೂತು, ನಡೆದದ್ದೆಲ್ಲ ಹೇಳಿದರು. ಕಲಿಸುತ್ತಿದ್ದ ಸಂಸ್ಥೆಗೆ ಕರೆದೊಯ್ದು ತರಗತಿಯನ್ನೂ ತೋರಿಸಿದರಂತೆ. ಕೊನೆಗೆ ಆ ಹಿರಿಯರು ಟೈಪಿಸ್ಟನ್ನು ಓಡಿಸಿ, ತಮ್ಮದೇ ಕೈಬರಹದಲ್ಲಿ ಬರೆದುಕೊಟ್ಟರು. "ಇವನ ದೆಸೆಯಿಂದ ಬಹಳ ವರ್ಷಗಳ ಮೇಲೆ ಒಂದು ಕಾಗದ ಓದಿ ಸಹಿ ಮಾಡಿದೆ ನೋಡಮ್ಮ" ಅಂತ ನನ್ನ ಮುಂದೆ ನಕ್ಕರು.

ಅರ್ಜಿ ಹೋಯಿತು. ಪರಿಷತ್ತು ಹಳೆಯ ಆದೇಶ ತರಿಸಿಕೊಂಡಿತು, ಆಕ್ಷೇಪಣೆ ಇದ್ದವರು ಬರಬಹುದೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತು, ಮೂಲ ದೂರುದಾರಳಾದ ಆ ವಿಧವೆಗೂ ನೋಟಿಸು ಕಳಿಸಿತು. ನನಗೆ ಭಯವಿದ್ದದ್ದು ಆಕೆಯದೇ. ಆಕೆ ಬಂದು ಬೇಡವೆಂದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಾಕಾರ ವಯಸ್ಸಿಗೆ ಎರಡನೇ ಸಲ ಅರ್ಜಿ ಹಾಕುವ ಮಾತಿರಲಿಲ್ಲ.

ವಿಚಾರಣೆಯ ದಿನ ಮೂವರ ಸಮಿತಿ ಕೂತಿತ್ತು. ಅಧ್ಯಕ್ಷರು ಶಾಂತ ಸ್ವಭಾವದ ಹಿರಿಯ ವಕೀಲರು. ಅವರ ಎಡಗಡೆಯ ಸದಸ್ಯರ ನಾಲಿಗೆ ಮಾತ್ರ ಚೂಪು. "ಸನ್ನದು ಇಲ್ಲದಾಗ ವಕೀಲಿಕೆ ಏನಾದರೂ ಮಾಡಿದ್ದುಂಟೋ?" ಎಂದು ಅವರು ಕೇಳಿದರು. ಇಲ್ಲ ಎನ್ನಿ ಎಂದು ನಾನು ಮೊದಲೇ ಹೇಳಿಕೊಟ್ಟಿದ್ದೆ.

"ಒಂದು ಸಲ" ಅಂದರು ಕಾಕಾ.

ನಾನು ತಟ್ಟನೆ ಅವರ ಕಡೆ ತಿರುಗಿದೆ. ಅವರು ಮುಂದುವರಿಸಿದರು.

"ಮೆಟ್ಟಿಲು ಇಳಿಯುವಾಗ ನೆರೆಮನೆಯವರು ಬಾಡಿಗೆ ಕರಾರು ತೋರಿಸಿ ಏನು ಮಾಡಲಿ ಅಂದರು. ಸಹಿ ಹಾಕಬೇಡ ಅಂದೆ. ಅಂದ ಮೇಲೆ ನೆನಪಾಯಿತು, ವಕೀಲರನ್ನು ಕೇಳು ಅಂತ ತಿದ್ದಿಕೊಂಡೆ."

ಚೂಪು ನಾಲಿಗೆಯವರೇ ಮೊದಲು ನಕ್ಕರು. ಗಾಳಿ ನಮ್ಮ ಕಡೆ ತಿರುಗಿದ್ದು ನನಗೆ ಗೊತ್ತಾಯಿತು. ಅಧ್ಯಕ್ಷರು ಕಡತ ತಿರುವಿದರು. ದೂರುದಾರಳಿಗೆ ಕಳಿಸಿದ ನೋಟಿಸು "ಈ ವಿಳಾಸದಲ್ಲಿ ಇಲ್ಲ" ಎಂದು ವಾಪಸ್ ಬಂದಿತ್ತು. ಪತ್ರಿಕೆಯ ಪ್ರಕಟಣೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. "ನಿಯಮದ ಪ್ರಕಾರ ಇಷ್ಟು ಸಾಕು. ಆದೇಶಕ್ಕೆ ಇಡೋಣ" ಅಂದರು. ಗೆದ್ದೆವು ಎಂದುಕೊಂಡು ನಾನು ಫೈಲಿನ ದಾರ ಕಟ್ಟತೊಡಗಿದೆ. ಆಗ ಕಾಕಾ ನನ್ನನ್ನು ಕೇಳದೆ ಎದ್ದು ನಿಂತರು.

"ಒಂದು ಬಿನ್ನಹ. ಅವರಿಗೆ ನೋಟಿಸು ತಲುಪಿಲ್ಲ. ತಲುಪಿದ ಮೇಲೆ ಆದೇಶ ಮಾಡಬೇಕು."

ನಾನು ಅವರ ಅಂಗಿಯ ತೋಳು ಹಿಡಿದು ಜಗ್ಗಿ, ಕನ್ನಡದಲ್ಲೇ ಪಿಸುಗುಟ್ಟಿದೆ. "ಕಾಕಾ, ಕೂತ್ಕೊಳ್ಳಿ! ಗೆದ್ದಿರೋ ಕೇಸು ಇದು!"

ಅವರು ಬಾಗಿ ಮೆಲ್ಲಗೆ ಅಂದರು, "ಆಕಿ ಮುಖಾ ನೋಡಲಾರದ ಒಮ್ಮೆ ಸಹಿ ಮಾಡೀನಿ, ತಂಗಿ. ಈಗ ಆಕಿ ಮುಖಾ ನೋಡಲಾರದ ಸನ್ನದು ತೊಗೊಳ್ಳಲೇನು?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ದೇವರೂ ಪೂಜಾರಿಯೂ ಕೊಡಲು ಕೂತಿದ್ದರು, ಭಕ್ತನೇ ಬೇಡ ಅನ್ನುತ್ತಿದ್ದ! ಸಮಿತಿ ಮುಖಮುಖ ನೋಡಿಕೊಂಡು ವಿಚಾರಣೆ ಮುಂದೂಡಿತು. ಸರಿಯಾದ ವಿಳಾಸ ಕೊಡುವ ಹೊಣೆ ನಮ್ಮ ಮೇಲೇ ಬಿತ್ತು. ಹೊರಗೆ ಬಂದವಳೇ ನಾನು ಮುಂದೆ ಮುಂದೆ ನಡೆದೆ. ಕೋಪ ಬಂದಿತ್ತು, ಅಷ್ಟು ತಿಂಗಳ ಕೆಲಸವನ್ನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಮಾಡಿದರಲ್ಲ ಎಂದು. ಅವರು ಗಾರ್ಡನ್ ರೀಚಿನ ಬಸ್ಸು ಹತ್ತಿದರು. ನಾನು ಮೆಟ್ರೋದಲ್ಲಿ ಕೂತು ಮನೆಗೆ ಹೋಗುವ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಮನೆಯ ಸ್ಟೇಷನ್ ಬರುವ ಹೊತ್ತಿಗೆ ಬೈಗುಳ ಮುಗಿದು, ಅವರ ಮಾತು ಮಾತ್ರ ಉಳಿದಿತ್ತು.

ಮರುದಿನ ಬೆಂಚಿಗೆ ಹೋಗಿ ಷರತ್ತು ಹಾಕಿದೆ. "ನೀವು ಡಮ್ ಡಮ್ ಕಡೆ ತಲೆ ಹಾಕೂಡದು. ಆರೋಪ ಹೊತ್ತೋರು ದೂರು ಕೊಟ್ಟೋರ ಮನೆಗೆ ಹೋದರೆ ಬೆದರಿಸೋಕೆ ಬಂದ್ರು ಅಂತಾರೆ. ನಾನೂ ಆಕೆ ಹತ್ರ ಮಾತಾಡಲ್ಲ. ವಿಳಾಸ ಪತ್ತೆ ಮಾಡಿ ಕಚೇರಿಗೆ ಕೊಡ್ತೀನಿ, ನೋಟಿಸು ಅವರೇ ಕೊಡಲಿ."

"ಹೌದವ್ವಾ, ಹಂಗ ಮಾಡು" ಎಂದು, ಕಾಕಾ ನನಗೊಂದು ಚಹಾ ಹೇಳಿದರು.

ಹಳೆಯ ವಿಳಾಸದಲ್ಲಿ ಮನೆಯೇ ಇರಲಿಲ್ಲ. ಆ ಜಾಗದಲ್ಲಿ ಬಿದಿರಿನ ಅಟ್ಟಣಿಗೆ ಕಟ್ಟಿಕೊಂಡು ಫ್ಲ್ಯಾಟುಗಳು ಏಳುತ್ತಿದ್ದವು. ಕೋಲ್ಕತಾದಲ್ಲಿ ಇಂಥ ಹೊತ್ತಿನಲ್ಲಿ ಪೊಲೀಸರಿಗಿಂತ ಓಣಿಯ ಕ್ಲಬ್ಬೇ ವಾಸಿ. ಕೇರಂ ಆಡುತ್ತಿದ್ದ ಗಂಡಸರು ಆಟ ನಿಲ್ಲಿಸದೆಯೇ ಹೇಳಿದರು: ಮಾಶಿಮಾ, ಅಂದರೆ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಆ ವಿಧವೆ, ಮನೆಯನ್ನು ತಾವೇ ಬಿಲ್ಡರಿಗೆ ಕೆಡವಲು ಕೊಟ್ಟಿದ್ದಾರೆ, ಮೇಲೊಂದು ಫ್ಲ್ಯಾಟು ಅವರಿಗೇ ಬರುತ್ತದೆ, ಅಲ್ಲಿಯವರೆಗೆ ರೈಲ್ವೆ ಹಳಿಯ ಆಚೆ ತಂಗಿಯ ಮನೆಯಲ್ಲಿದ್ದಾರೆ. ಹಳಿ ದಾಟಿ ಹೋಗಿ ಬಾಗಿಲ ಮೇಲಿನ ನಂಬರು ಬರೆದುಕೊಳ್ಳುತ್ತಿದ್ದೆ. ಮೇಲಿನ ವರಾಂಡದಿಂದ ಧ್ವನಿ ಬಂತು.

"ಯಾರು ಬೇಕು?"

ಬಿಳಿ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಅರ್ಧ ಸುಲಿದ ಬಟಾಣಿ. ಕೇಳದೆಯೇ ಗೊತ್ತಾಯಿತು. ಬಾಯಿಗೆ ಬಂದದ್ದೆಲ್ಲ ಹೇಳಿಬಿಡುವ ಚಾಳಿ ನನ್ನದು. ಕಾಕಾ ಎಂಥವರು, ಏನೇನು ಅನುಭವಿಸಿದರು, ದಯವಿಟ್ಟು ಬಿಟ್ಟುಬಿಡಿ ಎಂಬುದೆಲ್ಲ ನಾಲಿಗೆ ತುದಿಯಲ್ಲಿತ್ತು.

"ಯಾರೂ ಬೇಡ, ಮಾಶಿಮಾ. ವಿಳಾಸ ಹುಡುಕ್ತಿದ್ದೆ, ಸಿಕ್ಕಿತು" ಎಂದೆ.

"ವಿಚಿತ್ರ ಹುಡುಗಿ" ಅಂದರು ಆಕೆ, ಮತ್ತೆ ಬಟಾಣಿ ಸುಲಿಯತೊಡಗಿದರು.

ಮುಂದಿನ ವಿಚಾರಣೆಗೆ ಆಕೆ ತಂಗಿಯ ಕೈ ಹಿಡಿದು ಬಂದರು. ನನ್ನನ್ನು ಕಂಡು ಗುರುತು ಹಿಡಿದರು, ಹುಬ್ಬು ಗಂಟಿಕ್ಕಿದರು. ಅಧ್ಯಕ್ಷರು ಕುರ್ಚಿ ಹಾಕಿಸಿ, "ಇವರನ್ನು ಮತ್ತೆ ವಕೀಲರಾಗಿ ಸೇರಿಸಿಕೊಳ್ಳಲು ನಿಮ್ಮ ಆಕ್ಷೇಪಣೆ ಇದೆಯೇ?" ಎಂದು ಬಂಗಾಳಿಯಲ್ಲಿ ಕೇಳಿದರು.

ಆಕೆ ಕಾಕಾರನ್ನು ಬೆರಳಿನಿಂದ ತೋರಿಸಿದರು. "ಇವನೇ ಏನು? ನಾನು ಇವನನ್ನು ನೋಡಿಯೇ ಇಲ್ಲ" ಅಂದರು. ಆಮೇಲೆ ಕಾಕಾರ ಕಡೆ ತಿರುಗಿದರು. "ಅವತ್ತು ನಿನ್ನ ಮುಂದೆ ಒಬ್ಬ ಹೆಂಗಸು ನಿಂತಿದ್ದಳಲ್ಲ, ನನ್ನ ಹೆಸರು ಹೇಳಿಕೊಂಡು. ಅವಳು ಹೇಗಿದ್ದಳು?"

ಕಾಕಾ ಕೈಕಟ್ಟಿ ನಿಂತಿದ್ದರು. "ಗೊತ್ತಿಲ್ಲ, ದೀದಿ. ನಾನು ತಲೆ ಎತ್ತಲಿಲ್ಲ. ಅದೇ ನನ್ನ ಅಪರಾಧ."

"ಸರಿ. ಈಗ ಎತ್ತು."

ಅವರು ತಲೆ ಎತ್ತಿದರು. ಕೋರ್ಟಿನಲ್ಲಿ ಎಂಥೆಂಥ ಸಾಕ್ಷಿಗಳನ್ನು ಕಣ್ಣಲ್ಲೇ ತೂಗಿದ್ದ ಮನುಷ್ಯ, ಆ ಮುದುಕಿಯ ಮುಖವನ್ನು ನೋಡಲು ಎಷ್ಟು ಕಷ್ಟಪಟ್ಟರೆಂದು ನಾನು ಪಕ್ಕದಲ್ಲೇ ನಿಂತು ಕಂಡೆ. ಕಣ್ಣು ತುಂಬಿ ಬಂದರೂ ದೃಷ್ಟಿ ತಪ್ಪಿಸಲಿಲ್ಲ. ಆಕೆಯೂ ತಪ್ಪಿಸಲಿಲ್ಲ. ನನಗೆ ಅಳು ಬಂತು, ಮರೆಮಾಚಲು ಫೈಲಿನ ದಾರ ಬಿಚ್ಚಿ ಕಟ್ಟಿದೆ.

"ಕ್ಷಮೆ ಗಿಮೆ ಕೊಡಲು ನಾನು ಬಂದಿಲ್ಲ" ಎಂದು ಆಕೆ ಅಧ್ಯಕ್ಷರಿಗೆ ಹೇಳಿದರು. "ಹೋದ ಸಲ ನನ್ನ ಮನೆಯ ವಿಷಯ ನನ್ನನ್ನು ಕೇಳದೆಯೇ ತೀರ್ಮಾನ ಮಾಡಿದರು. ಈ ಸಲ ಕರೆದು ಕೇಳಿದ್ದೀರಿ, ಅದಕ್ಕೆ ಬಂದೆ. ಕರೆಸಬೇಕು ಅಂದವರು ಯಾರು?"

ಅಧ್ಯಕ್ಷರು ಕಾಕಾರನ್ನು ತೋರಿಸಿದರು. ಆಕೆ ಮತ್ತೊಮ್ಮೆ ಅವರನ್ನು ನೋಡಿ, ಅಧ್ಯಕ್ಷರತ್ತ ತಿರುಗಿದರು.

"ಆಕ್ಷೇಪಣೆ ಇಲ್ಲ ಅಂತ ಬರೆಯಬೇಡಿ. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಅಂತ ಬರೆದುಕೊಳ್ಳಿ. ಮಿಕ್ಕದ್ದು ನಿಮಗೆ ಬಿಟ್ಟದ್ದು."

ಸಮಿತಿ ಅದನ್ನು ಹಾಗೆಯೇ ಬರೆದುಕೊಂಡಿತು. ಕೆಲವು ವಾರಗಳ ನಂತರ ಬಂದ ಆದೇಶದಲ್ಲಿ ಅರ್ಜಿ ಮಂಜೂರಾಗಿತ್ತು, ಒಂದು ಷರತ್ತಿನೊಂದಿಗೆ. ಹಳೆಯ ಹಿರಿತನ ಸಿಗುವುದಿಲ್ಲ, ಹೊಸ ವಕೀಲರಂತೆ ಪಟ್ಟಿಯ ಕೊನೆಗೆ ಹೆಸರು. ತಾವೇ ಕೆಲಸ ಕಲಿಸಿದವರಿಗಿಂತಲೂ ಕೆಳಗೆ, ನನಗಿಂತಲೂ ಕೆಳಗೆ. ನನಗೆ ಪಿಚ್ಚೆನಿಸಿತು. ಅವರು ಬೆಂಚಿನಿಂದ ಎದ್ದು, ಕೋಟು ಕೊಡವಿ, ಗೇಟಿನ ಬಳಿ ನನಗೆ ದಾರಿ ಬಿಟ್ಟು ನಿಂತರು. "ನಡೀರಿ ವಕೀಲ್ರ, ನೀವು ಸೀನಿಯರ್. ಮುಂದ ನೀವ ಹೋಗಬೇಕು."

"ಸಾಕು ಸುಮ್ನಿರಿ ಕಾಕಾ" ಎಂದು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.

ಟೇಬಲ್ ಹಾಕಿಕೊಂಡ ಮೇಲೆ ಅವರಿಂದ ನಮ್ಮ ಸಾಲಿಗೆಲ್ಲ ಹೊಸ ತಲೆನೋವು ಶುರುವಾಯಿತು. ಅಫಿಡವಿಟ್ಟಿಗೆ ಗುರುತಿಸಬೇಕಾದವರನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸುವುದು, ಹೆಸರು ಕೇಳುವುದು, ತಂದೆಯ ಹೆಸರು, ಮನೆ ಎಲ್ಲಿ, ಯಾಕೆ ಬಂದಿರಿ, ಇದರಲ್ಲಿ ಏನು ಬರೆದಿದೆ ಗೊತ್ತೇ. ಗುರುತಿನ ಕಾಗದ ತರದವರನ್ನು ವಾಪಸ್ ಕಳಿಸುವುದು. ಮುಹುರಿಗಳು ಗೊಣಗಿದರು. ಅವಸರದವರು ಬೇರೆ ಟೇಬಲ್ಲಿಗೆ ಹೋದರು. ಆದರೆ ಒಂದು ವಿಷಯ ನಾನು ಗಮನಿಸಿದೆ. ಅವರ ಪಕ್ಕದ ಟೇಬಲ್ಲುಗಳಲ್ಲೂ ಸಹಿ ಹಾಕುವ ಮೊದಲು ತಲೆ ಎತ್ತಿ ನೋಡುವ ಅಭ್ಯಾಸ ನಿಧಾನವಾಗಿ ಹತ್ತಿಕೊಂಡಿತು. ನನ್ನದರಲ್ಲೂ.

ಚಳಿಗಾಲದ ಒಂದು ಬೆಳಿಗ್ಗೆ, ಕಾಕಾರ ಟೇಬಲ್ಲಿನ ಮುಂದಿನ ಜನರ ಸಾಲಿನಲ್ಲಿ ಬಿಳಿ ಸೀರೆಯ ಮಾಶಿಮಾ ನಿಂತಿದ್ದರು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ರೇಷನ್ ಕಾರ್ಡು ಕಳೆದಿತ್ತು, ಹೊಸದಕ್ಕೆ ಅಫಿಡವಿಟ್ ಬೇಕಿತ್ತು. ಡಮ್ ಡಮ್‌ನಿಂದ ಇಲ್ಲಿಯವರೆಗೆ ಊರಿನ ಆ ತುದಿಯಿಂದ ಈ ತುದಿಗೆ ಬರಬೇಕು, ದಾರಿಯಲ್ಲಿ ಎಷ್ಟೋ ಕೋರ್ಟು, ಎಷ್ಟೋ ವಕೀಲರು. ನಾನು ಓಡಿಹೋಗಿ ಅವರನ್ನು ಮುಂದೆ ಕರೆದೆ. ಬರಲಿಲ್ಲ, ಸಾಲಿನಲ್ಲೇ ಬಂದು ಕೂತರು.

ಕಾಕಾ ಕನ್ನಡಕ ಸರಿಮಾಡಿಕೊಂಡು ಆಕೆಯ ಮುಖ ನೋಡಿದರು. "ನಿಮ್ಮ ಹೆಸರು?"

ಆಕೆ ಕೆರಳಿದರು. "ಏನು, ಇಷ್ಟು ಬೇಗ ಮರೆತೆಯಾ?"

"ಮರೆತಿಲ್ಲ, ದೀದಿ. ಕೇಳುವುದು ನನ್ನ ಕೆಲಸ."

ಆಕೆ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ತಮ್ಮ ಹೆಸರು, ತಂದೆಯ ಹೆಸರು, ಗಂಡನ ಹೆಸರು, ಹೊಸ ಮನೆಯ ವಿಳಾಸ, ಒಂದೊಂದನ್ನೂ ಸಾಲಿಗೆಲ್ಲ ಕೇಳುವಂತೆ ಹೇಳಿದರು. ಕಾಕಾ ಸಹಿ ಹಾಕಿ ಕಾಗದ ಮುಂದೆ ಸರಿಸಿದರು. ಆಕೆ ಅದನ್ನು ಕನ್ನಡಕದ ಹತ್ತಿರ ಹಿಡಿದು, "ಈ ವ್ಯಕ್ತಿಯನ್ನು ನಾನು ಬಲ್ಲೆ" ಎಂಬ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು.

"ಈ ಸಲ ನಿಜ" ಅಂದರು, ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದರು.